ಕರೆಂಟಿಲ್ಲದ ಶೆಡ್ಡಿನಲ್ಲಿ ಏಳು ತಿಂಗಳು ನಿಲ್ಲುವ ಕಾರು: ಬ್ಯಾಟರಿ ಉಳಿಸುವುದು ಹೇಗೆ?

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಕೆಲಸ ಮಾಡುತ್ತೇನೆ. ಊರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಗೆ ಹೋಗಲು ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಬೇಕು. ಹಾಗಾಗಿ ಕಾರನ್ನು ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲೇ ಬಿಡುತ್ತೇವೆ. ಅಲ್ಲಿ ಕರೆಂಟ್ ಇಲ್ಲ. ಮೇ ಕೊನೆಗೆ ಹೊರಟರೆ ನಾನು ಮತ್ತೆ ಬರುವುದು ಡಿಸೆಂಬರ್‌ಗೇ. ಅಪ್ಪಯ್ಯನಿಗೆ 74 ವರ್ಷ. ಈಗ ಕಾರು ಓಡಿಸುವುದಿಲ್ಲ, ಆದರೆ ವಾರಕ್ಕೊಮ್ಮೆ ಹೋಗಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತಾರೆ. ಆದರೂ ಮೂರು ವರ್ಷದಲ್ಲಿ ಎರಡು ಬ್ಯಾಟರಿ ಹೋದವು. ಸಣ್ಣ ಪೆಟ್ರೋಲ್ ಕಾರು, 35 ಎಎಚ್ ಬ್ಯಾಟರಿ. ಹೊರಗೆ ಹಾಕಿಸಿದ ಸ್ಟೀರಿಯೊ ಮತ್ತು ಜಿಪಿಎಸ್ ಇವೆ. ಸೋಲಾರ್ ಪ್ಲೇಟ್ ಹಾಕಿದರೆ ಸರಿಹೋಗುತ್ತದಾ? ಎಷ್ಟು ವ್ಯಾಟಿನದು ಬೇಕು?

ಉತ್ತರ: ಸೋಲಾರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು. ಬ್ಯಾಟರಿ ಗಟ್ಟಿಯಾಗಿದ್ದರೆ ಏಳು ತಿಂಗಳು ಕಳೆಯಲು ಅದಕ್ಕೆ ಕರೆಂಟೂ ಬೇಡ, ಸೋಲಾರೂ ಬೇಡ. ಒಂದು 10ನೇ ನಂಬರ್ ಸ್ಪ್ಯಾನರ್ ಸಾಕು. ನೀವು ಹೊರಡುವ ದಿನ ಬ್ಯಾಟರಿ ಪೂರ್ತಿ ತುಂಬಿರಬೇಕು, ಅದರ ಮೈನಸ್ ವಯರ್ ಬಿಚ್ಚಿರಬೇಕು. ಮಾಡಬೇಕಾದ ಮುಖ್ಯ ಕೆಲಸ ಇವೆರಡೇ. ಉಳಿದದ್ದೆಲ್ಲ ಇವೆರಡನ್ನು ಸರಿಯಾಗಿ ಮಾಡುವ ಬಗೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಿಂತ ಕಾರಿನ ಬ್ಯಾಟರಿ ಎರಡು ದಾರಿಯಲ್ಲಿ ಖಾಲಿಯಾಗುತ್ತದೆ. ಒಂದು, ಬ್ಯಾಟರಿ ತನ್ನೊಳಗೇ ನಿಧಾನವಾಗಿ ಸೋರುವುದು. ಇನ್ನೊಂದು, ಕೀ ತೆಗೆದ ಮೇಲೂ ಕಾರು ಕರೆಂಟ್ ತಿನ್ನುತ್ತಲೇ ಇರುವುದು. ಗಡಿಯಾರ, ಸೆಂಟ್ರಲ್ ಲಾಕ್, ಕೀ ಗುರುತು ಹಿಡಿಯುವ ಭಾಗ, ಇಂಜಿನ್ ಕಂಪ್ಯೂಟರಿನ ನೆನಪು, ಇವು ಯಾವುವೂ ಪೂರ್ತಿ ಮಲಗುವುದಿಲ್ಲ. ಯಾವ ದೋಷವೂ ಇಲ್ಲದ ಕಾರಿನಲ್ಲೇ ಇವೆಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತವೆ.

30 ಅಂತಲೇ ಹಿಡಿಯೋಣ. 1 ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ 1 ಎಎಚ್. 30 ಮಿಲಿ ಆಂಪಿಯರ್ ಒಂದು ದಿನ ಹರಿದರೆ 0.72 ಎಎಚ್. ತಿಂಗಳಿಗೆ 21 ದಾಟುತ್ತದೆ. ನಿಮ್ಮದು 35ರ ಬ್ಯಾಟರಿ. ಒಂದೇ ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ!

ಇನ್ನು ಬ್ಯಾಟರಿಯ ಸ್ವಂತ ಸೋರಿಕೆ. ಈಗ ಬರುವ ಕ್ಯಾಲ್ಸಿಯಂ ಪ್ಲೇಟಿನ ಬ್ಯಾಟರಿಗಳು 25 ಡಿಗ್ರಿ ಆಸುಪಾಸಿನಲ್ಲಿ ತಿಂಗಳಿಗೆ ನೂರಕ್ಕೆ 3ರಿಂದ 5ರಷ್ಟು ಚಾರ್ಜ್ ಕಳೆದುಕೊಳ್ಳುತ್ತವೆ. 35ರಲ್ಲಿ ನೂರಕ್ಕೆ 5 ಅಂದರೆ 1.75 ಎಎಚ್. ಕಾರು ತಿನ್ನುವುದು 21, ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು 2ಕ್ಕಿಂತ ಕಮ್ಮಿ. ಮೈನಸ್ ಬಿಚ್ಚಿದರೆ ಆ 21 ಪೂರ್ತಿ ನಿಂತುಹೋಗುತ್ತದೆ. ಏಳು ತಿಂಗಳು ಕಳೆದರೂ ಮೂರರಲ್ಲಿ ಎರಡು ಪಾಲು ಚಾರ್ಜ್ ಉಳಿದಿರುತ್ತದೆ. ಇಂಜಿನ್ ಎಬ್ಬಿಸಲು ಅಷ್ಟು ಸಾಕು. ಬಿಸಿ 10 ಡಿಗ್ರಿ ಏರಿದರೆ ಒಳಗಿನ ಸೋರಿಕೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಆದ್ದರಿಂದ ನಿಮ್ಮ ಕಡೆಯ ಮಳೆಗಾಲದ ತಂಪು ಬ್ಯಾಟರಿಗೆ ಒಳ್ಳೆಯದೇ. ಇದೇ ಕಾರು ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಕೆಳಗೆ ನಿಲ್ಲುವುದಾಗಿದ್ದರೆ ನಾನು ಬೇರೆ ಲೆಕ್ಕ ಹೇಳುತ್ತಿದ್ದೆ.

ಈಗ ನಿಮ್ಮ ಅಪ್ಪಯ್ಯನವರ ವಿಷಯ. ಅವರು ಮಳೆಯಲ್ಲಿ ಸಂಕ ದಾಟಿ ಬಂದು ಮಾಡುತ್ತಿರುವ ಕೆಲಸಕ್ಕೆ ಫಲ ಸಿಗುತ್ತಿಲ್ಲ, ಅದನ್ನು ಹೇಳಲು ನನಗೆ ಬೇಜಾರು. ವಾರಕ್ಕೆ ಕಾರು ತಿನ್ನುವುದು 5 ಎಎಚ್. ಹತ್ತು ನಿಮಿಷ ನಿಂತಲ್ಲೇ ಓಡಿದರೆ ಬ್ಯಾಟರಿಗೆ ವಾಪಸ್ ಹೋಗುವುದು 10 ಆಂಪಿಯರ್ ಅಂತ ಹಿಡಿದರೂ 1.7 ಎಎಚ್. ಪ್ರತಿ ವಾರ ಮೂರಕ್ಕಿಂತ ಜಾಸ್ತಿ ಸಾಲ ಉಳಿಯುತ್ತದೆ. ಎರಡು ತಿಂಗಳೊಳಗೆ ಒಂದು ದಿನ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಅದಲ್ಲದೆ ಹತ್ತು ನಿಮಿಷಕ್ಕೆ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಹಬೆ ಸೈಲೆನ್ಸರಿನಲ್ಲೂ ಇಂಜಿನ್ ಆಯಿಲ್‌ನಲ್ಲೂ ಉಳಿದುಬಿಡುತ್ತದೆ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ.

ಇವೆಲ್ಲಕ್ಕಿಂತ ದೊಡ್ಡ ಹೆದರಿಕೆ ಹೊಗೆಯದು. ಮಳೆ ಹೊಡೆಯುತ್ತದೆ ಅಂತ ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಇಂಜಿನ್ ಓಡಿಸುವುದು ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಎದ್ದು ಹೊರಗೆ ಬರುವ ಶಕ್ತಿ ಇರುವುದಿಲ್ಲ. ಬ್ಯಾಟರಿ ಹೋದರೆ ಇನ್ನೊಂದು ತರಬಹುದು. ದಯವಿಟ್ಟು ಇವತ್ತೇ ಅವರಿಗೆ ಫೋನ್ ಮಾಡಿ ಈ ವಾರಕ್ಕೊಮ್ಮೆಯ ಸ್ಟಾರ್ಟನ್ನೇ ನಿಲ್ಲಿಸಲು ಹೇಳಿ.

ಎರಡು ಬ್ಯಾಟರಿ ಯಾಕೆ ಸತ್ತವು ಅನ್ನುವುದೂ ನಿಮಗೆ ಗೊತ್ತಿರಬೇಕು. ಚಾರ್ಜ್ ಇಳಿಯುತ್ತಾ ಹೋದ ಹಾಗೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಅದು ಹೊಸದರಲ್ಲಿ ಮೆತ್ತಗಿರುತ್ತದೆ. ಚಾರ್ಜ್ ಕೊಟ್ಟರೆ ಕರಗಿ ಹೋಗುತ್ತದೆ. ಆದರೆ ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಜೋನಿಬೆಲ್ಲದ ಡಬ್ಬದ ತಳದಲ್ಲಿ ಹರಳು ಕಟ್ಟುತ್ತದಲ್ಲ, ಹಾಗೆ ಗಟ್ಟಿಯಾಗುತ್ತದೆ. ಬೆಲ್ಲವನ್ನಾದರೂ ಬಿಸಿ ಮಾಡಿ ಕರಗಿಸಬಹುದು. ಈ ಹರಳು ಚಾರ್ಜರ್‌ಗೆ ಜಗ್ಗುವುದಿಲ್ಲ. ಅಷ್ಟು ಜಾಗ ಆ ಬ್ಯಾಟರಿಯಲ್ಲಿ ಶಾಶ್ವತವಾಗಿ ಕಮ್ಮಿಯಾದ ಹಾಗೆ. ನಿಮ್ಮ ಬ್ಯಾಟರಿಗಳು ಜುಲೈನಲ್ಲೋ ಆಗಸ್ಟ್‌ನಲ್ಲೋ ಖಾಲಿಯಾಗಿ ಡಿಸೆಂಬರ್‌ವರೆಗೆ ಹಾಗೇ ಕೂತಿರಬೇಕು. ಕಂಪನಿಯ ತಪ್ಪು ಇರಲಿಕ್ಕಿಲ್ಲ.

ಸ್ಟೀರಿಯೊ, ಜಿಪಿಎಸ್ ಇವೆ ಅಂದಿರಿ. ಊರಿಗೆ ಬಂದಾಗ ಅದನ್ನೊಮ್ಮೆ ಅಳೆಸಿ. ನನ್ನ ಅಂಗಡಿಗೆ ಒಬ್ಬರು ಕಾರು ತಂದಿದ್ದರು. ಐದು ದಿನ ನಿಲ್ಲಿಸಿದರೆ ಬ್ಯಾಟರಿ ಡೆಡ್. ಬಾನೆಟ್ ಎತ್ತಿ, ಮೈನಸ್ ವಯರ್ ಬಿಚ್ಚಿ, ಬ್ಯಾಟರಿಯ ಕಂಬಕ್ಕೂ (ಟರ್ಮಿನಲ್) ವಯರಿಗೂ ನಡುವೆ ಮಲ್ಟಿಮೀಟರ್ (ಕರೆಂಟ್, ವೋಲ್ಟ್ ಅಳೆಯುವ ಮೀಟರ್) ಹಾಕಿದೆ, 10 ಆಂಪಿಯರ್ ತೂತಿನಲ್ಲಿ. ಬಾನೆಟ್ಟಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಬಾಗಿಲು ಹಾಕಿ ಕಾದೆವು. ಮೊದಲು ಮೀಟರ್ 2 ಆಂಪಿಯರ್‌ಗಿಂತ ಮೇಲೆ ತೋರಿಸಿತು. ಕಾರಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗುತ್ತಾ ಹೋದ ಹಾಗೆ ಅಂಕಿ ಇಳಿಯಿತು. ಅರ್ಧ ಗಂಟೆಯಾದ ಮೇಲೂ 0.30ರ ಕೆಳಗೆ ಇಳಿಯಲೇ ಇಲ್ಲ. ಫ್ಯೂಸ್ ಒಂದೊಂದಾಗಿ ಎಳೆದೆ. ಸ್ಟೀರಿಯೊದ ಫ್ಯೂಸ್ ಎಳೆದ ಕೂಡಲೇ 0.03ಕ್ಕೆ ಬಿತ್ತು. ಸ್ಟೀರಿಯೊ ಹಾಕಿದವರು ಕೀ ಜೊತೆ ಆಫ್ ಆಗಬೇಕಾದ ವಯರನ್ನು ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದರು. ಪರದೆ ಕಪ್ಪಗಿತ್ತು, ಒಳಗೆ ಸ್ಟೀರಿಯೊ ಎಚ್ಚರವಾಗೇ ಇತ್ತು. 0.30 ಅಂದರೆ ದಿನಕ್ಕೆ 7 ಎಎಚ್! ಐದು ದಿನಕ್ಕೆ 35 ಮುಗಿಯಿತು. ಡಿಕ್ಕಿಯ ಬಲ್ಬು, ಡ್ಯಾಶ್‌ಬೋರ್ಡ್ ಡಬ್ಬಿಯ ಬಲ್ಬು ಆರದೆ ಉಳಿಯುವುದೂ ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಈ ಪರೀಕ್ಷೆಯನ್ನು ನೀವೇ ಮಾಡುವುದಾದರೆ ಮೀಟರ್ ಸಿಕ್ಕಿಸಿದಾಗ ಕೀ ತಿರುಗಿಸಬೇಡಿ. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ಈಗ ಹೊರಡುವ ಮುಂಚಿನ ಕೆಲಸ. ಕಾರು ಓಡಿಸುತ್ತಿದ್ದೇವೆ, ಬ್ಯಾಟರಿ ತುಂಬಿಯೇ ಇರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಊರೊಳಗೆ ಸಣ್ಣ ಸಣ್ಣ ಓಡಾಟ ಮಾಡುವ ಕಾರಿನ ಬ್ಯಾಟರಿ ಪೂರ್ತಿ ತುಂಬಿರುವುದು ಅಪರೂಪ. ಕೊನೆಯ ಪಾಲು ತುಂಬಲು ಗಂಟೆಗಟ್ಟಲೆ ಬೇಕು. ಆದ್ದರಿಂದ ಹೊರಡುವ ಎರಡು ದಿನ ಮುಂಚೆ ಬ್ಯಾಟರಿಯನ್ನು ತೀರ್ಥಹಳ್ಳಿಯಲ್ಲಿ ಯಾವುದಾದರೂ ಬ್ಯಾಟರಿ ಅಂಗಡಿಗೆ ಕೊಟ್ಟು ರಾತ್ರಿಯಿಡೀ ನಿಧಾನ ಚಾರ್ಜಿಗೆ ಹಾಕಿಸಿ. 35ರ ಬ್ಯಾಟರಿಗೆ 3.5 ಆಂಪಿಯರ್, ಹತ್ತು ಹನ್ನೆರಡು ಗಂಟೆ. ಬೇಗ ಬೇಕು ಅಂತ ಜಾಸ್ತಿ ಕರೆಂಟ್ ಕೊಡಿಸಬೇಡಿ. ನೀರು ಹಾಕುವ ಮುಚ್ಚಳ ಇದ್ದರೆ ಚಾರ್ಜ್ ಆದ ಮೇಲೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿಸಿ. ಬಾವಿ ನೀರು, ಫಿಲ್ಟರ್ ನೀರು ಬೇಡ.

ಚಾರ್ಜರ್ ತೆಗೆದ ಕೂಡಲೇ ಅಳೆದರೆ ಮೀಟರ್ 13ರ ಮೇಲೆ ತೋರಿಸಬಹುದು. ಅದು ಮೇಲ್ಮೇಲಿನ ಚಾರ್ಜ್, ಅದನ್ನು ನಂಬಬೇಡಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.6ರಿಂದ 12.7 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ. 12.4 ಇದ್ದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು. ಈ ನಾಲ್ಕು ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪಯ್ಯನವರ ಕೈಗೆ ಕೊಡಿ, ಆಮೇಲೆ ಬೇಕಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ ರಾತ್ರಿ ಬಿಟ್ಟ ಮೇಲೆ 12.4ಕ್ಕೇ ನಿಂತರೆ ಆ ಬ್ಯಾಟರಿಗೆ ವಯಸ್ಸಾಗಿದೆ. ಅಂಥದ್ದು ಮೈನಸ್ ಬಿಚ್ಚಿದರೂ ಏಳು ತಿಂಗಳು ಬರುವುದು ಕಷ್ಟ.

ಮೈನಸ್ ಬಿಚ್ಚುವ ದಿನ ಕ್ರಮ ತಪ್ಪಬೇಡಿ. ಕಿಟಕಿ ಗಾಜುಗಳನ್ನು ಪೂರ್ತಿ ಏರಿಸಿ. ಡಿಕ್ಕಿಯಲ್ಲಿ ಬೇಕಾದ್ದು ಏನಾದರೂ ಇದ್ದರೆ ತೆಗೆದುಕೊಳ್ಳಿ. ಈಗಿನ ಎಷ್ಟೋ ಕಾರುಗಳ ಡಿಕ್ಕಿ ಕರೆಂಟಿನಲ್ಲೇ ತೆರೆಯುವುದು. ಸ್ಪ್ಯಾನರನ್ನೇ ಡಿಕ್ಕಿಯಲ್ಲಿ ಇಟ್ಟು ಮೈನಸ್ ಬಿಚ್ಚಿ, ಡಿಸೆಂಬರ್‌ನಲ್ಲಿ ಬಂದು ಡಿಕ್ಕಿ ತೆರೆಯಲಾಗದೆ ನಿಂತವರನ್ನು ನೋಡಿದ್ದೇನೆ. ಸ್ಪ್ಯಾನರ್ ಮನೆಯಲ್ಲಿರಲಿ. ರಿಮೋಟ್ ಕೆಲಸ ಮಾಡುವುದಿಲ್ಲ, ಹಾಗಾಗಿ ಡ್ರೈವರ್ ಬಾಗಿಲು ಲೋಹದ ಕೀಯಿಂದ ಲಾಕ್ ಆಗಿ ತೆರೆಯುತ್ತದಾ ಅಂತ ಮುಂಚೆಯೇ ನೋಡಿಕೊಳ್ಳಿ. ಬಟನ್ ಕೀ ಆದರೆ ಅದರ ಹೊಟ್ಟೆಯೊಳಗೆ ಒಂದು ಸಣ್ಣ ಲೋಹದ ಕೀ ಇರುತ್ತದೆ. ವರ್ಷಗಟ್ಟಲೆ ಬಳಸದ ಕೀ ತೂತು ಜಾಮ್ ಆಗಿರಬಹುದು, ಎರಡು ಹನಿ ಎಣ್ಣೆ ಬಿಡಿ.

ಕೀ ತೆಗೆದು ಒಂದು ಐದು ನಿಮಿಷ ಬಿಟ್ಟು ಮೈನಸ್ ಬಿಚ್ಚಿ. ಯಾವಾಗಲೂ ಮೈನಸ್ಸೇ ಮೊದಲು. ಕಾರಿನ ಮೈಯೆಲ್ಲ ಮೈನಸ್. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಬಿಚ್ಚಿದ ವಯರ್ ದಪ್ಪ, ಬಿಟ್ಟರೆ ವಾಪಸ್ ಕಂಬದ ಕಡೆಗೇ ಬಾಗುತ್ತದೆ. ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಅದರ ತಲೆಗೆ ತೊಡಿಸಿ ಪಕ್ಕಕ್ಕೆ ಕಟ್ಟಿಬಿಡಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಸ್ವಲ್ಪ ಅಡುಗೆ ಸೋಡ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಒರೆಸಿ ಒಣಗಿದ ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಇದು ಬೇಕೇ ಬೇಕು. ಬ್ಯಾಟರಿಯ ಮೇಲ್ಭಾಗದಲ್ಲಿ ಒದ್ದೆ ಧೂಳು ಕೂತರೂ ಪ್ಲಸ್‌ನಿಂದ ಮೈನಸ್‌ಗೆ ಸಣ್ಣ ಸೋರಿಕೆ ಆಗುತ್ತದೆ, ಅದನ್ನೂ ಒರೆಸಿ. ಆಮೇಲೆ ಜಿಪಿಎಸ್ ನಿಮ್ಮ ಫೋನಿಗೆ ಬ್ಯಾಟರಿ ಕಟ್ ಆಗಿದೆ ಅಂತ ಮೆಸೇಜ್ ಕಳಿಸಬಹುದು. ಗಾಬರಿ ಬೇಡ.

ಪ್ರತಿ ವರ್ಷ ಸ್ಪ್ಯಾನರ್ ಹಿಡಿಯುವುದು ರಗಳೆ ಅನಿಸಿದರೆ ಮೈನಸ್ ಕಂಬಕ್ಕೆ ಕೂರುವ ಕಟ್-ಆಫ್ ಸ್ವಿಚ್ ಸಿಗುತ್ತದೆ. ಗುಂಡಿ ತಿರುಗಿಸಿದರೆ ಸಂಪರ್ಕ ತಪ್ಪುತ್ತದೆ. ಹಿತ್ತಾಳೆಯ ಗಟ್ಟಿಯಾದದ್ದನ್ನು ನೋಡಿ ತೆಗೆದುಕೊಳ್ಳಿ. ತೀರಾ ಅಗ್ಗದ್ದು ಸ್ಟಾರ್ಟ್ ಮಾಡುವಾಗ ಬಿಸಿಯಾಗುತ್ತದೆ.

ಇನ್ನು ಸೋಲಾರ್. ನೀವು ಕೇಳಿದ ಪ್ರಶ್ನೆ ಒಳ್ಳೆಯದೇ, ಆದರೆ ನಿಮ್ಮ ಏಳು ತಿಂಗಳಲ್ಲಿ ಅರ್ಧ ಮಳೆಗಾಲ. ಆಗುಂಬೆಯ ಮೋಡ ನಿಮ್ಮ ತಲೆಯ ಮೇಲೇ ಇದೆ. 20 ವ್ಯಾಟಿನ ಪ್ಲೇಟ್ ಒಳ್ಳೆಯ ಬಿಸಿಲಲ್ಲಿ 1.1 ಆಂಪಿಯರ್ ಹತ್ತಿರ ಕೊಡುತ್ತದೆ. ದಟ್ಟ ಮೋಡದಲ್ಲಿ ಅದರ ಹತ್ತನೇ ಒಂದು ಪಾಲು ಅಂತ ಹಿಡಿದರೆ ಎಂಟು ಗಂಟೆಗೆ 0.9 ಎಎಚ್. ಮೈನಸ್ ಬಿಚ್ಚದೆ ಬಿಟ್ಟ ಕಾರು ದಿನಕ್ಕೆ 0.72 ತಿನ್ನುತ್ತದೆ. ಜೊತೆಗೆ ಚಾರ್ಜ್ ಕಂಟ್ರೋಲರ್ (ಪ್ಲೇಟಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜನ್ನು ಹತೋಟಿಯಲ್ಲಿಡುವ ಡಬ್ಬಿ) ತಾನೂ ಸುಮಾರು 10 ಮಿಲಿ ಆಂಪಿಯರ್ ತಿನ್ನುತ್ತದೆ, ಅದು ದಿನಕ್ಕೆ 0.24. ಒಟ್ಟು ಖರ್ಚು 0.96. ಅಂದರೆ ಜುಲೈನಲ್ಲಿ 20 ವ್ಯಾಟ್ ಕೂಡ ಸಾಲದೆ ಬೀಳುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಇಡುವ 5 ವ್ಯಾಟಿನ ಆಟಿಕೆಯಂಥವನ್ನಂತೂ ಬಿಟ್ಟುಬಿಡಿ. ಶೆಡ್ಡಿನೊಳಗೆ ಬಿಸಿಲೇ ಇಲ್ಲ. ಮೇಲಾಗಿ ಎಷ್ಟೋ ಕಾರುಗಳಲ್ಲಿ, ಅಂಥ ಪ್ಲೇಟನ್ನು ಸಿಕ್ಕಿಸುವ ಸಿಗರೇಟ್ ಲೈಟರ್ ಸಾಕೆಟ್ ಕೀ ತೆಗೆದ ಮೇಲೆ ಬ್ಯಾಟರಿಗೆ ಸೇರಿಕೊಂಡೇ ಇರುವುದಿಲ್ಲ. ಪ್ಲೇಟಿನ ದೀಪ ಉರಿಯುತ್ತಿರುತ್ತದೆ, ಬ್ಯಾಟರಿಗೆ ಏನೂ ಹೋಗುತ್ತಿರುವುದಿಲ್ಲ.

ಅದೇ ಮೈನಸ್ ಬಿಚ್ಚಿ, ಸೋಲಾರನ್ನು ನೇರ ಬ್ಯಾಟರಿಯ ಕಂಬಗಳಿಗೆ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಆಗ ತುಂಬಬೇಕಾದ್ದು ಬ್ಯಾಟರಿಯ ಸ್ವಂತ ಸೋರಿಕೆ ಮತ್ತು ಕಂಟ್ರೋಲರಿನ ಊಟ ಮಾತ್ರ. 0.3 ಎಎಚ್ ಸಾಕು. ಕೆಟ್ಟ ಮೋಡದ ದಿನವೂ 20 ವ್ಯಾಟಿನ ಪ್ಲೇಟ್ ಅದನ್ನು ಕೊಟ್ಟು ಮಿಕ್ಕಿಸುತ್ತದೆ. ನಿಮ್ಮ ಬ್ಯಾಟರಿಗೆ ಎರಡು ವರ್ಷ ದಾಟಿದ್ದರೆ ಈ ಖರ್ಚು ಮಾಡಿ. ಹೊಸದಾಗಿದ್ದರೆ ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಹಾಕುವುದಾದರೆ ಕಂಟ್ರೋಲರ್ ಇಲ್ಲದೆ ಹಾಕಬೇಡಿ. 12 ವೋಲ್ಟಿನ ಪ್ಲೇಟ್ ಅಂತ ಮಾರುವುದರ ಖಾಲಿ ವೋಲ್ಟೇಜ್ (ಏನೂ ಜೋಡಿಸದಿದ್ದಾಗಿನದು) 21, 22 ಇರುತ್ತದೆ. ಮಳೆಗಾಲದಲ್ಲಿ ತೊಂದರೆ ಕಾಣುವುದಿಲ್ಲ. ನವೆಂಬರ್ ಬಿಸಿಲು ಬಿದ್ದಾಗ ತುಂಬಿದ ಬ್ಯಾಟರಿಗೆ ಮತ್ತೂ ತುಂಬುತ್ತಾ ಹೋಗಿ ನೀರು ಆರಿಸಿಬಿಡುತ್ತದೆ. ಕಂಟ್ರೋಲರಿನಲ್ಲಿ ಲೆಡ್ ಆಸಿಡ್ ಅಂತ ಆರಿಸಿ, ಲಿಥಿಯಂ ಅಂತ ಇಡಬೇಡಿ. ತುಂಬಿದ ಮೇಲೆ 13.5ರಿಂದ 13.8 ವೋಲ್ಟ್‌ನಲ್ಲಿ ಹಿಡಿದಿಡಬೇಕು. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಲೇಟ್ ಆಮೇಲೆ. ತೆಗೆಯುವಾಗ ಪ್ಲೇಟ್ ಮೊದಲು. ಪ್ಲಸ್ ವಯರಿನಲ್ಲಿ, ಬ್ಯಾಟರಿಗೆ ಒಂದು ಗೇಣು ದೂರದೊಳಗೆ, 5 ಆಂಪಿಯರ್ ಫ್ಯೂಸ್ ಇರಲಿ. ಇಲಿ ವಯರ್ ಕಡಿದು ಶಾರ್ಟ್ ಆದರೂ ಬೆಂಕಿ ಹತ್ತಬಾರದು. ಪ್ಲೇಟನ್ನು ತಗಡಿನ ಮೇಲೆ ದಕ್ಷಿಣಕ್ಕೆ ಸ್ವಲ್ಪ ಇಳಿಜಾರಾಗಿ ಕೂರಿಸಿ, ಮಳೆಯೇ ತೊಳೆದುಕೊಂಡು ಹೋಗಲಿ. ಅಡಿಕೆ ಮರದ ಕೆಳಗೆ ಮಾತ್ರ ಬೇಡ. ಪ್ಲೇಟಿನೊಳಗಿನ ಬಿಲ್ಲೆಗಳೆಲ್ಲ ಒಂದೇ ಸಾಲಿನಲ್ಲಿ ಸೇರಿರುತ್ತವೆ. ಒಂದು ಅಡಿಕೆ ಹಾಳೆ ಬಿದ್ದು ಎರಡು ಬಿಲ್ಲೆ ಮುಚ್ಚಿದರೂ ಇಡೀ ಪ್ಲೇಟಿನ ಕರೆಂಟ್ ಕುಸಿಯುತ್ತದೆ.

ಅಪ್ಪಯ್ಯನವರಿಗೆ ಒಂದು ಸುಲಭದ ಕೆಲಸ ಉಳಿಸಿ. ಸೆಪ್ಟೆಂಬರ್‌ನಲ್ಲಿ, ಮಳೆ ಕಮ್ಮಿಯಾದಾಗ, ಒಮ್ಮೆ ಬಾನೆಟ್ ತೆರೆದು ಮಲ್ಟಿಮೀಟರಿನಲ್ಲಿ ಬ್ಯಾಟರಿ ಅಳೆಯಲಿ. 12.4ಕ್ಕಿಂತ ಮೇಲಿದ್ದರೆ ಮುಚ್ಚಿ ಬರಲಿ. 12.3ಕ್ಕೆ ಇಳಿದಿದ್ದರೆ ಯಾರಾದರೂ ಹುಡುಗರ ಕೈಲಿ ಬ್ಯಾಟರಿ ಬಿಚ್ಚಿಸಿ ಪೇಟೆಗೆ ಕಳಿಸಿ ಚಾರ್ಜ್ ಮಾಡಿಸಲಿ. ಹತ್ತು ಕೆಜಿ ಹತ್ತಿರ ತೂಗುತ್ತದೆ, ಸಂಕದ ಮೇಲೆ ಅವರು ಹೊರುವುದು ಬೇಡ. ಅದನ್ನು ಹೊತ್ತು ತರುವಾಗ ಓರೆ ಮಾಡಬಾರದು, ಒಳಗೆ ಆಸಿಡ್ ಇದೆ. ಮನೆಗೆ ತಂದು ಇಟ್ಟರೆ ಸಿಮೆಂಟ್ ನೆಲದ ಮೇಲೆ ಇಡಬಾರದು, ಚಾರ್ಜ್ ಇಳಿಯುತ್ತದೆ ಅಂತ ಯಾರಾದರೂ ಹೇಳಬಹುದು. ಅದು ಮರದ, ರಬ್ಬರಿನ ಪೆಟ್ಟಿಗೆಯಲ್ಲಿ ಬ್ಯಾಟರಿ ಬರುತ್ತಿದ್ದ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ನೆಲ ಯಾವುದಾದರೂ ಒಂದೇ. ಒಲೆ, ದೇವರ ದೀಪದ ಹತ್ತಿರ ಮಾತ್ರ ಇಟ್ಟು ಚಾರ್ಜ್ ಮಾಡಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಕಿಡಿ ಸಿಕ್ಕರೆ ಸಿಡಿಯುತ್ತದೆ.

ಪಕ್ಕದ ಮನೆಯಲ್ಲಿ ನಂಬಿಕೆಯ, ಲೈಸೆನ್ಸ್ ಇರುವ ಒಬ್ಬರು ಇದ್ದು, ಹದಿನೈದು ದಿನಕ್ಕೊಮ್ಮೆ ತೀರ್ಥಹಳ್ಳಿಗೆ ಹೋಗಿಬರಲು ನಿಮ್ಮ ಕಾರನ್ನೇ ಬಳಸುವುದಾದರೆ ಇನ್ನೂ ಒಳ್ಳೆಯದು. ಇಂಜಿನ್, ಬ್ರೇಕ್, ಟೈರ್ ಎಲ್ಲಕ್ಕೂ ಅದೇ ಮದ್ದು. ಇನ್ಶೂರೆನ್ಸ್ ಚಾಲ್ತಿಯಲ್ಲಿರಬೇಕು ಅಷ್ಟೇ. ಅಂಥವರು ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿ. ತೇವಕ್ಕೆ ಬ್ರೇಕ್ ಹಿಡಿದುಕೊಂಡುಬಿಡುತ್ತದೆ.

ಡಿಸೆಂಬರ್‌ನಲ್ಲಿ ಬಂದಾಗ ಮೊದಲು ಬಾನೆಟ್ ತೆರೆದು ಇಲಿ ಗೂಡು ಇದೆಯಾ, ವಯರ್ ಕಡಿದಿದೆಯಾ ನೋಡಿ. ಆಮೇಲೆ ಮೈನಸ್ ಬಿಗಿ ಮಾಡಿ, ಕೈಯಲ್ಲಿ ತಿರುಗಿಸಿದರೆ ಅಲ್ಲಾಡಬಾರದು. ಗಡಿಯಾರ ಸರಿ ಮಾಡಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಕಿಟಕಿಯ ಆಟೋ ಬಟನ್ ಮರೆತುಹೋಗಿರುತ್ತದೆ, ಗಾಜು ಪೂರ್ತಿ ಏರಿದ ಮೇಲೂ ಸ್ವಿಚ್ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಕಲಿತುಕೊಳ್ಳುತ್ತದೆ. ಇಂಜಿನ್ ಮೊದಲ ಕೆಲವು ನಿಮಿಷ ಸ್ವಲ್ಪ ಏರುಪೇರಾಗಿ ಓಡಬಹುದು. ಸ್ಟಾರ್ಟ್ ಆದ ಕೂಡಲೇ ಕಾರನ್ನು ಶೆಡ್ಡಿನಿಂದ ಹೊರಗೆ ತನ್ನಿ. ಅವತ್ತೇ ಒಂದು ಗಂಟೆ ಎಲ್ಲೂ ಆಫ್ ಮಾಡದೆ ಓಡಿಸಿ, ಎಸಿ ಹಾಕದೆ. ತೀರ್ಥಹಳ್ಳಿಗೆ ಹೋಗಿ ಟೈರಿಗೆ ಗಾಳಿ ತುಂಬಿಸಿಕೊಂಡು ಬಂದರೆ ಎರಡೂ ಕೆಲಸ ಆಗುತ್ತದೆ.